ಒಂದೇ ಹೆಸರು, ಎರಡು ಕಪ್ಪು: ಮನೆ ಕಾಡಿಗೆಯ ಹಳೆಯ ಕಥೆ

ಗದ್ದೆಯ ಬದುವಿನಲ್ಲಿ, ಕಾಲುವೆ ಪಕ್ಕದ ತೇವದ ಮಣ್ಣಿನಲ್ಲಿ ಒಂದು ಸಣ್ಣ ಗಿಡ ತಾನಾಗಿ ಬೆಳೆಯುತ್ತದೆ. ಅಂಗಿಯ ಗುಂಡಿಯಷ್ಟಗಲದ ಬಿಳಿ ಹೂವು, ಮುಟ್ಟಿದರೆ ಒರಟಾದ ಎಲೆ. ದಂಟು ಕಿತ್ತು ಬೆರಳಲ್ಲಿ ಹಿಸುಕಿದರೆ ಮೊದಲು ಹಸಿರು ರಸ ಬರುತ್ತದೆ, ಸ್ವಲ್ಪ ಹೊತ್ತಿಗೆ ಆ ರಸ ಕಪ್ಪಾಗುತ್ತದೆ. ಸಂಸ್ಕೃತದಲ್ಲಿ ಇದು ಭೃಂಗರಾಜ. ನಮ್ಮವರಿಗೆ ಗರುಗ. ಕೆಲವು ಕಡೆ ಇದಕ್ಕೆ ಇನ್ನೂ ಉದ್ದದ ಹೆಸರಿದೆ: ಕಾಡಿಗ್ಗರುಗ. ಅಂದರೆ ಕಾಡಿಗೆಯ ಗರುಗ.

ಕಳೆ ಕೀಳುವವರು ಕಿತ್ತು ಬಿಸಾಡುವ ಗಿಡಕ್ಕೆ ಕಣ್ಣಿಗೆ ಹಚ್ಚುವ ಕಪ್ಪಿನ ಹೆಸರು ಅಂಟಿಕೊಂಡಿದೆ ಎಂದರೆ, ಒಂದು ಕಾಲಕ್ಕೆ ಆ ಕಪ್ಪನ್ನು ಮನೆಮನೆಯಲ್ಲೂ ಮಾಡುತ್ತಿದ್ದರು ಎಂದಾಯಿತು. ಅಂಗಡಿಯಲ್ಲಿ ಕೊಳ್ಳುವ ವಸ್ತುವಿನ ಹೆಸರನ್ನು ಯಾರೂ ಹೊಲದ ಗಿಡಕ್ಕೆ ಇಡುವುದಿಲ್ಲ. ಈಗ ಮೊಬೈಲ್‌ನಲ್ಲಿ ‘ಮನೆಯಲ್ಲೇ ನೈಸರ್ಗಿಕ ಕಾಜಲ್’ ಎಂಬ ವಿಡಿಯೋಗಳು ಮತ್ತೆ ಓಡಾಡುತ್ತಿವೆ. ‘ಹಳೆಯ ಕಾಲದ್ದು, ಆದ್ದರಿಂದ ಒಳ್ಳೆಯದು’ ಎಂದು ಒಬ್ಬರು ಹೇಳುತ್ತಾರೆ. ‘ಕಾಡಿಗೆಯಲ್ಲಿ ವಿಷ ಇದೆ, ಮಗುವಿಗೆ ಹಚ್ಚಬೇಡಿ’ ಎಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. ‘ನಮಗೆಲ್ಲ ಹಚ್ಚಿರಲಿಲ್ವಾ, ನಾವೇನು ಸತ್ತೋದ್ವಾ’ ಎಂದು ಅಜ್ಜಿ ಕೇಳುತ್ತಾಳೆ. ಈ ಮೂವರ ನಡುವೆ ಎದೆಗೆ ಕೂಸನ್ನು ಅವುಚಿಕೊಂಡು ಕೂತ ಬಾಣಂತಿಯ ಮಾತು ಯಾರಿಗೂ ಕೇಳುವುದಿಲ್ಲ. ಈ ಜಗಳ ಅರ್ಥವಾಗಬೇಕಾದರೆ ಕಾಡಿಗೆಯ ಇತಿಹಾಸಕ್ಕೆ ಹೋಗಬೇಕು. ಯಾಕೆಂದರೆ ಆ ಹೆಸರಿನ ಒಳಗೆ ಸಾವಿರಾರು ವರ್ಷಗಳಿಂದ ಎರಡು ಬೇರೆ ಬೇರೆ ವಸ್ತುಗಳು ಕೂತಿವೆ. ಒಂದು ದೀಪದ ಮಸಿ. ಇನ್ನೊಂದು ಕಲ್ಲಿನ ಪುಡಿ.

ಮೊದಲು ದೀಪದ ಮಸಿ. ಮಾಡುವ ವಿಧಾನ ಊರಿಂದ ಊರಿಗೆ ಚೂರು ಬದಲಾದರೂ ಬೇರು ಒಂದೇ. ಗರುಗದ ಸೊಪ್ಪನ್ನು ಅರೆದು ರಸ ಹಿಂಡುತ್ತಾರೆ. ಕೆಲವರು ನಂದಿಬಟ್ಟಲ ಹೂವಿನ ರಸ ತೆಗೆದುಕೊಳ್ಳುತ್ತಾರೆ, ಕೆಲವರು ಹೊನಗೊನ್ನೆ ಸೊಪ್ಪಿನದು. ಎರಡೂ ಕಣ್ಣಿಗೆ ತಂಪು ಎಂದು ಹೆಸರಾದವು. ಒಗೆದು ಮೆತ್ತಗಾದ ಬಿಳಿ ಹತ್ತಿಬಟ್ಟೆಯ ತುಂಡನ್ನು ಆ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಹೀಗೆ ಹಲವು ಸಲ ಮಾಡಿದ ಬಟ್ಟೆಯನ್ನು ಬತ್ತಿಯಾಗಿ ಹೊಸೆದು ಹಣತೆಯಲ್ಲಿಟ್ಟು, ಹರಳೆಣ್ಣೆ ಇಲ್ಲವೇ ತುಪ್ಪ ಹಾಕಿ ಹಚ್ಚುತ್ತಾರೆ. ಹಣತೆಯ ಎರಡು ಕಡೆ ಇಟ್ಟಿಗೆ ಇಟ್ಟು, ಮೇಲೆ ಕಂಚಿನದೋ ತಾಮ್ರದ್ದೋ ತಟ್ಟೆ ಬೋರಲು ಹಾಕುತ್ತಾರೆ. ಉರಿಯ ತುದಿ ತಟ್ಟೆಗೆ ತಾಗುವ ಹಾಗೆ, ಆದರೆ ಉಸಿರು ಕಟ್ಟಿ ಆರದ ಹಾಗೆ ಎತ್ತರ ಹೊಂದಿಸುವುದೇ ಇದರಲ್ಲಿ ಕೈಚಳಕದ ಕೆಲಸ. ರಾತ್ರಿ ಮಲಗುವಾಗ ಹಚ್ಚಿಟ್ಟು ಬೆಳಿಗ್ಗೆ ನೋಡಿದರೆ ತಟ್ಟೆಯ ಹೊಟ್ಟೆಗೆ ಮಖಮಲ್ಲಿನಂಥ ಮಸಿ ಕೂತಿರುತ್ತದೆ. ಇಡೀ ರಾತ್ರಿ ಉರಿದರೂ ಸಿಗುವುದು ಚಿಟಿಕೆಯಷ್ಟು. ಅದನ್ನು ಕೆರೆದು, ಒಂದೆರಡು ಹನಿ ತುಪ್ಪ ಅಥವಾ ಹರಳೆಣ್ಣೆ ಬೆರೆಸಿ ನುಣ್ಣಗೆ ತೇಯ್ದರೆ ಕಾಡಿಗೆ ಸಿದ್ಧ.

ಇದರ ಹಿಂದಿನ ಕೆಲಸ ಸರಳ. ಎಣ್ಣೆ ಪೂರ್ತಿ ಉರಿಯಬೇಕಾದರೆ ಗಾಳಿ ಬೇಕು. ಉರಿಯ ನೆತ್ತಿಗೆ ತಣ್ಣನೆಯ ಲೋಹ ಅಡ್ಡ ಬಂದಾಗ ಗಾಳಿ ಸಾಲದೆ, ಶಾಖ ಇಳಿದು, ಉರಿಯದೆ ಉಳಿದ ಇಂಗಾಲ ಪುಡಿಯಾಗಿ ಲೋಹಕ್ಕೆ ಅಂಟುತ್ತದೆ. ಆ ಪುಡಿಯ ಕಣಗಳು ಎಷ್ಟು ಸಣ್ಣವೆಂದರೆ ಬೆರಳಿಗೆ ತಾಗಿದರೂ ತರಿ ಗೊತ್ತಾಗುವುದಿಲ್ಲ. ಹರಳೆಣ್ಣೆ ಗಟ್ಟಿ, ನಿಧಾನಕ್ಕೆ ಉರಿಯುತ್ತದೆ. ಅದಕ್ಕೇ ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಎಣ್ಣೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗರುಗದ ರಸ, ನಂದಿಬಟ್ಟಲ ರಸ ಎಲ್ಲವೂ ಬತ್ತಿಯೊಳಗೆ ಸುಟ್ಟುಹೋಗುತ್ತವೆ. ತಟ್ಟೆಗೆ ಅಂಟುವ ಮಸಿಯ ಬಹುಪಾಲು ಎಣ್ಣೆಯ ಇಂಗಾಲ. ಸೊಪ್ಪಿನ ಗುಣವೆಲ್ಲ ಕಾಡಿಗೆಗೆ ಇಳಿಯುತ್ತದೆ ಎನ್ನುವುದನ್ನು ನಂಬುವುದು ನನಗೆ ಕಷ್ಟ. ತಂಪು ಅನ್ನಿಸುವುದು ಬೆರೆಸಿದ ತುಪ್ಪದಿಂದ, ಇಲ್ಲವೇ ಕೆಲವರು ಹಾಕುವ ಪಚ್ಚಕರ್ಪೂರದಿಂದ. ಹಾಗಿದ್ದೂ ಸೊಪ್ಪಿನ ಕೆಲಸವನ್ನು ಯಾರೂ ಬಿಡಲಿಲ್ಲ. ಅದ್ದಿ ಒಣಗಿಸುವ ಆ ದಿನಗಳ ತಾಳ್ಮೆಯೇ ಮನೆ ಕಾಡಿಗೆಯ ಮರ್ಯಾದೆ ಆಗಿತ್ತೇನೋ.

ಮನೆಯಲ್ಲೇ ಆಗಲು ಇನ್ನೊಂದು ಕಾರಣ ದೀಪ. ಕಾಡಿಗೆಗೆಂದು ಯಾರೂ ಎಣ್ಣೆ ಕೊಳ್ಳಬೇಕಾಗಿರಲಿಲ್ಲ. ಹರಳು ಹೊಲದ ಅಂಚಿನಲ್ಲಿ ಬೆಳೆಯುತ್ತಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಹರಳಿನ ಬೇಸಾಯವನ್ನೂ ಎಣ್ಣೆ ತೆಗೆಯುವುದನ್ನೂ ಬರೆದಿದ್ದಾನೆ. ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆಯುವ ಕೆಲಸ ಹೆಂಗಸರದೇ. ಆ ಎಣ್ಣೆ ದೀಪಕ್ಕೆ, ತಲೆಗೆ, ಗಾಡಿಯ ಕೀಲಿಗೆ, ಹೊಟ್ಟೆ ತೊಳೆಯಲು, ಬಾಣಂತಿಗೆ, ಕೂಸಿನ ನೆತ್ತಿಗೆ. ಕಾಡಿಗೆ ಆ ಪಟ್ಟಿಯ ಕೊನೆಯ ಚಿಕ್ಕ ಐಟಂ.

ಇನ್ನು ಎರಡನೆಯ ಕಪ್ಪು. ಇದು ಹಳೆಯದು, ದೂರದ್ದು, ಮತ್ತು ಶ್ರೀಮಂತರದ್ದು.

ಈಜಿಪ್ಟಿನಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಗಂಡಸರು, ಹೆಂಗಸರು, ರಾಜರು, ದೇವರ ವಿಗ್ರಹಗಳು ಎಲ್ಲರ ಕಣ್ಣಿಗೂ ಕಪ್ಪು ಇತ್ತು. ಅದನ್ನು ತೇಯಲು ಮಾಡಿದ ಕಲ್ಲಿನ ಹಲಗೆಗಳು ಸಮಾಧಿಗಳಲ್ಲಿ ಸಿಕ್ಕಿವೆ. ಕೈರೋ ಮ್ಯೂಸಿಯಂಗೆ ಸೇರಿದ, ನಾರ್ಮರ್ ಎಂಬ ರಾಜನ ಚಿತ್ರ ಕೆತ್ತಿದ ಪ್ರಸಿದ್ಧ ಶಿಲಾಫಲಕವೂ ರೂಪದಲ್ಲಿ ಇಂಥ ಕಣ್ಣುಕಪ್ಪು ತೇಯುವ ಹಲಗೆಯೇ. ನಡುವೆ ಬಣ್ಣ ತೇಯುವ ಗುಂಡಗಿನ ತಗ್ಗು ಈಗಲೂ ಕಾಣುತ್ತದೆ. ಅವರು ತೇಯುತ್ತಿದ್ದದ್ದು ಮುಖ್ಯವಾಗಿ ಗೆಲೀನಾ ಎಂಬ ಅದಿರು. ಹೊಳೆಯುವ, ಕೈಗೆ ಭಾರವೆನಿಸುವ ಬೂದುಗಪ್ಪು ಕಲ್ಲು. ಸೀಸ ಮತ್ತು ಗಂಧಕ ಕೂಡಿ ಆದದ್ದು. ಹಸಿರು ಬಣ್ಣಕ್ಕೆ ತಾಮ್ರದ ಅದಿರು ಬೇರೆ ಇತ್ತು.

ನಮ್ಮ ಉಪಖಂಡದಲ್ಲಿ ಹರಪ್ಪ ನಾಗರಿಕತೆಯ ಊರುಗಳಲ್ಲಿ ಅಂಜನದ ಪುಟ್ಟ ಡಬ್ಬಿಗಳೂ ತಾಮ್ರದ ಕಡ್ಡಿಗಳೂ ಸಿಕ್ಕಿವೆ. ಮುಂದೆ ತಕ್ಷಶಿಲೆಯಲ್ಲೂ ಅಂಥ ಕಡ್ಡಿಗಳು ಸಿಕ್ಕವು. ಚರಕ ಸಂಹಿತೆಯಲ್ಲಿ ದಿನಚರಿಯ ಭಾಗವಾಗಿ ಕಣ್ಣಿಗೆ ಅಂಜನ ಹಾಕುವುದು ಬರುತ್ತದೆ. ಸೌವೀರಾಂಜನ ದಿನಾ ಹಾಕುವುದಕ್ಕೆ. ಐದು ಅಥವಾ ಎಂಟು ರಾತ್ರಿಗೊಮ್ಮೆ ಕಣ್ಣಿನ ನೀರು ಹರಿಸಿ ಹಗುರ ಮಾಡಲು ರಸಾಂಜನ. ಈ ಎರಡನ್ನೂ ಬಿಡಿಸಿ ನೋಡಿದರೆ ಕಥೆ ತಿಳಿಯಾಗುತ್ತದೆ. ರಸಾಂಜನ ಗಿಡದಿಂದ ಬಂದದ್ದು, ಮರದರಿಶಿನದ ಕಷಾಯವನ್ನು ಕುದಿಸಿ ಗಟ್ಟಿ ಮಾಡಿದ್ದು. ಸೌವೀರ ಎನ್ನುವುದು ಸಿಂಧೂ ನದಿಯ ಕಡೆಯ ಒಂದು ದೇಶದ ಹೆಸರು; ಅಲ್ಲಿಂದ ಬಂದ ಕಲ್ಲಿನ ಪುಡಿ ಸೌವೀರಾಂಜನ. ಆ ಕಲ್ಲು ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಜಗಳವಿದೆ. ಆಂಟಿಮನಿಯ ಅದಿರು ಎನ್ನುವವರಿದ್ದಾರೆ, ಸೀಸದ ಅದಿರು ಎನ್ನುವವರಿದ್ದಾರೆ. ಎರಡೂ ನೋಡಲು ಒಂದೇ ಥರ ಹೊಳೆಯುವ ಕಲ್ಲುಗಳು. ಪುಡಿ ಮಾಡಿದ ಮೇಲಂತೂ ಬರಿಗಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ.

ಹಳೆಯ ವೈದ್ಯರು ಅಂಜನವನ್ನು ಕಣ್ಣುಮುಚ್ಚಿ ಎಲ್ಲರಿಗೂ ಹಚ್ಚಿಸಲಿಲ್ಲ ಎಂಬುದನ್ನೂ ನೆನಪಿಡಬೇಕು. ಅವರಿಗೆ ಅದು ಔಷಧ. ಜ್ವರ ಬಂದವರಿಗೆ ಬೇಡ, ಅತ್ತು ಕಣ್ಣು ಕೆಂಪಾದವರಿಗೆ ಬೇಡ, ರಾತ್ರಿ ನಿದ್ದೆಗೆಟ್ಟವರಿಗೆ ಬೇಡ ಎಂದು ಸುಶ್ರುತನ ಗ್ರಂಥ ಪಟ್ಟಿ ಕೊಡುತ್ತದೆ. ಹಚ್ಚುವ ಕಡ್ಡಿಗೆ ಶಲಾಕೆ ಎಂದು ಹೆಸರಿಟ್ಟು ಅದರ ಉದ್ದ, ತುದಿಯ ಆಕಾರವನ್ನೆಲ್ಲ ಹೇಳುತ್ತದೆ. ಗುರುವನ್ನು ಹೊಗಳುವ ಶ್ಲೋಕದಲ್ಲಿ ಜ್ಞಾನವೆಂಬ ಅಂಜನದ ಶಲಾಕೆಯಿಂದ ಕುರುಡನ ಕಣ್ಣು ತೆರೆಸಿದವನು ಎಂಬ ಮಾತು ಬರುವುದೂ ಈ ವೈದ್ಯಕೀಯದಿಂದಲೇ.

ಅದೇ ಅಂಜನ ನಮ್ಮ ಮಾತಿನಲ್ಲಿ ಬೇರೆ ದಾರಿಗಳನ್ನೂ ಹಿಡಿಯಿತು. ಕಳುವಾದ ದನ, ಒಡವೆ ಹುಡುಕಲು ವೀಳ್ಯದೆಲೆಯ ಮೇಲೆ ಕಪ್ಪು ಸವರಿ ಅದರೊಳಗೆ ನೋಡಿ ಹೇಳುವವರಿದ್ದಾರೆ. ‘ಅಂಜನ ಹಾಕಿ ನೋಡೋದು’ ಅಂದರೆ ಇವತ್ತಿಗೂ ಹಳ್ಳಿಯಲ್ಲಿ ಅರ್ಥವಾಗುತ್ತದೆ. ಕಣ್ಣಿಗೆ ಹಚ್ಚಿದರೆ ಕಾಣದ್ದು ಕಾಣುತ್ತದೆ ಎಂಬ ನಂಬಿಕೆ ಎಲೆಯ ಮೇಲಕ್ಕೆ ಹೋಯಿತು. ಇನ್ನೊಂದು ಕಡೆ, ಕಪ್ಪಿನ ಕಲೆ ಇಲ್ಲದವನು ನಿರಂಜನ. ಶರಣರ ಮಾತಿನಲ್ಲಿ ಅದು ದೇವರ ಹೆಸರು.

ಖಜುರಾಹೋದ ಪಾರ್ಶ್ವನಾಥ ದೇವಾಲಯದ ಗೋಡೆಯಲ್ಲಿ, ಸುಮಾರು ಸಾವಿರ ವರ್ಷದ ಹಿಂದಿನ ಒಬ್ಬಳು ಸುಂದರಿ ಕಣ್ಣಿಗೆ ಕಪ್ಪು ತೀಡಿಕೊಳ್ಳುತ್ತಾ ನಿಂತಿದ್ದಾಳೆ. ಹದಿನಾರು ಶೃಂಗಾರಗಳ ಪಟ್ಟಿಯಲ್ಲೂ ಅಂಜನ ಇದೆ. ಆದರೆ ಆ ಶಿಲ್ಪದ ಹೆಣ್ಣು ಹಚ್ಚಿಕೊಳ್ಳುತ್ತಿರುವುದು ಮಸಿಯೋ ಕಲ್ಲಿನ ಪುಡಿಯೋ ಎಂದು ಕೇಳಿದರೆ ಶಿಲ್ಪ ಉತ್ತರ ಕೊಡುವುದಿಲ್ಲ. ಸಮಸ್ಯೆ ಇರುವುದು ಅಲ್ಲೇ. ಸಂಸ್ಕೃತದಲ್ಲಿ ಕಜ್ಜಲ ಎಂದರೆ ದೀಪದ ಮಸಿ. ಹಿಂದಿಯ ಕಾಜಲ್ ಅದರಿಂದ ಬಂದದ್ದು. ಪರ್ಷಿಯನ್ ಸುರ್ಮಾ ಕಲ್ಲಿನ ಪುಡಿ. ಅರಬ್ಬಿಯ ಕುಹ್ಲ್ ಕೂಡ ಮೂಲದಲ್ಲಿ ಕಲ್ಲಿನ ಪುಡಿಯೇ. ಅದೇ ಪದ ಯುರೋಪಿಗೆ ಹೋಗಿ, ‘ನುಣ್ಣನೆಯ ಪುಡಿ’ಯಿಂದ ‘ಭಟ್ಟಿ ಇಳಿಸಿದ ಸಾರ’ಕ್ಕೆ ಅರ್ಥ ಜಾರಿ, ಕೊನೆಗೆ ಆಲ್ಕೋಹಾಲ್ ಆಯಿತು. ಹೀಗೆ ಬೇರೆ ಬೇರೆ ಹುಟ್ಟಿನ ಹೆಸರುಗಳು ಬಾಯಿಂದ ಬಾಯಿಗೆ ಬರುತ್ತಾ ಒಂದಾದವು. ಆಫ್ಘಾನಿಸ್ತಾನದಲ್ಲಿ ಕಲ್ಲಿನ ಪುಡಿಗೂ ಕಾಜಲ್ ಎನ್ನುವುದುಂಟು. ನಮ್ಮಲ್ಲಿ ಅಂಗಡಿಯದ್ದು, ಮನೆಯದ್ದು, ಜಾತ್ರೆಯದ್ದು ಎಲ್ಲಕ್ಕೂ ಕಾಡಿಗೆ, ಕಣ್ಕಪ್ಪು ಅಷ್ಟೇ.

ಕಲ್ಲಿನ ಪುಡಿಗೂ ಒಂದು ಒಳ್ಳೆಯ ಮಾತು ಆಡುವವರಿದ್ದಾರೆ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಈಜಿಪ್ಟಿನ ಸಮಾಧಿಗಳಲ್ಲಿ ಉಳಿದಿದ್ದ ಕಣ್ಣುಕಪ್ಪನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ ಕೆಲವು ಸೀಸದ ಲವಣಗಳು ಆ ನೆಲದಲ್ಲಿ ಸಹಜವಾಗಿ ಸಿಗುವಂಥವಲ್ಲ, ಬೇಕೆಂದೇ ತಯಾರಿಸಿದವು. ಅತಿ ಕಡಿಮೆ ಪ್ರಮಾಣದಲ್ಲಿ ಅವು ಚರ್ಮದ ಜೀವಕೋಶಗಳಲ್ಲಿ ರೋಗ ತಡೆಯುವ ಕೆಲಸವನ್ನು ಚುರುಕು ಮಾಡಬಲ್ಲವು ಎಂದು ಅವರು ಕಂಡರು. ನೈಲ್ ನದಿಯ ನೆರೆ, ನೊಣ, ಕಣ್ಣುಬೇನೆ ಇದ್ದ ನಾಡಿನಲ್ಲಿ ಅದರಿಂದ ಉಪಯೋಗ ಆಗಿರಬಹುದು. ಈ ಸುದ್ದಿಯನ್ನು ಹಿಡಿದುಕೊಂಡು ‘ನೋಡಿ, ಸೀಸ ಕಣ್ಣಿಗೆ ಒಳ್ಳೆಯದು’ ಎನ್ನುವವರು ಒಂದನ್ನು ಮರೆಯುತ್ತಾರೆ: ಸೀಸ ಕಣ್ಣಿನಲ್ಲೇ ನಿಲ್ಲುವುದಿಲ್ಲ.

ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಕಣ್ಣೀರು ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ಕಣ್ಣಿಗೆ ಔಷಧದ ಹನಿ ಬಿಟ್ಟಾಗ ಗಂಟಲು ಕಹಿಯಾಗುವುದು ಇದರಿಂದಲೇ. ಕಾಡಿಗೆಯೂ ಅದೇ ದಾರಿ ಹಿಡಿಯುತ್ತದೆ. ಕೂಸಾದರೆ ಇನ್ನೊಂದು ದಾರಿಯೂ ಇದೆ: ಕಣ್ಣು ಉಜ್ಜಿಕೊಳ್ಳುತ್ತದೆ, ಆ ಬೆರಳನ್ನೇ ಚೀಪುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ರಕ್ತಕ್ಕೆ, ಮಿದುಳಿಗೆ, ಮೂಳೆಗೆ ಸೇರುತ್ತದೆ. ಮೇಲುನೋಟಕ್ಕೆ ಏನೂ ಕಾಣುವುದಿಲ್ಲ. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ, ರಕ್ತ ಕಡಿಮೆಯಾಗುತ್ತದೆ, ಹೊಟ್ಟೆನೋವು ಎನ್ನುತ್ತದೆ. ಹಳ್ಳಿಯಲ್ಲಿ ಇದಕ್ಕೆ ಯಾರೂ ಕಾಡಿಗೆಯನ್ನು ಬೈಯುವುದಿಲ್ಲ, ಮಗುವನ್ನೇ ದಡ್ಡ ಅನ್ನುತ್ತಾರೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಗೊತ್ತಾದದ್ದು ಮೊದಲು ಬ್ರಿಟನ್ನಿನಲ್ಲಿ, ವಲಸೆ ಹೋದ ಏಷ್ಯಾದ ಕುಟುಂಬಗಳ ಮಕ್ಕಳಿಂದ. 1968ರಲ್ಲಿ ಅಲ್ಲಿನ ಬ್ರಿಟಿಷ್ ಮೆಡಿಕಲ್ ಜರ್ನಲ್ ಕಣ್ಣುಕಪ್ಪಿನಿಂದ ಆದ ಸೀಸದ ವಿಷದ ಬಗ್ಗೆ ವೈದ್ಯರ ವರದಿ ಪ್ರಕಟಿಸಿತು. 1978ರಲ್ಲಿ ಅದೇ ಪತ್ರಿಕೆಯಲ್ಲಿ ಸುರ್ಮಾ ಮತ್ತು ಸೀಸದ ಬಗ್ಗೆ ಇನ್ನೊಂದು ಬಂತು. ಬಹಳ ಕಾಲದ ನಂತರ, 2011ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ನೈಜೀರಿಯಾ ಮೂಲದ ಒಂದು ಕೂಸಿನ ರಕ್ತದಲ್ಲಿ ಸೀಸ ಸಿಕ್ಕಿತು. ಅದರ ರೆಪ್ಪೆಗೆ ಹಚ್ಚುತ್ತಿದ್ದ ‘ತಿರೋ’ ಎಂಬ ಕಪ್ಪಿನ ಪುಡಿಯಲ್ಲಿ ಶೇ. 80ಕ್ಕೂ ಹೆಚ್ಚು ಸೀಸವೇ ಇತ್ತು. 2013ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಆಫ್ಘಾನಿಸ್ತಾನದಿಂದ ತಂದಿದ್ದ ಕಾಜಲ್ ಪರೀಕ್ಷಿಸಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಸೀಸ. ಬೇರೆ ಬೇರೆ ನಾಡುಗಳ ತಾಯಂದಿರು ಒಂದೇ ಆಸೆಗೆ, ಮಗುವಿನ ಕಣ್ಣು ಚೆಂದ ಕಾಣಲಿ, ದೃಷ್ಟಿ ತಾಗದಿರಲಿ ಎಂದು ಹಚ್ಚಿದ್ದು ಇದು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ‘ನಮಗೆಲ್ಲ ಹಚ್ಚಿರಲಿಲ್ವಾ?’ ಹೌದು ಅಜ್ಜಿ, ಹಚ್ಚಿದ್ದರು. ಆದರೆ ನಿಮಗೆ ಹಚ್ಚಿದ್ದು ಹರಳೆಣ್ಣೆ ದೀಪದ ಮಸಿ. ಅದರಲ್ಲಿ ಸೀಸ ಇರಲು ಕಾರಣವೇ ಇರಲಿಲ್ಲ. ಮೊಮ್ಮಗುವಿಗೆ ಹಚ್ಚುತ್ತಿರುವ ಡಬ್ಬಿಯಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ಡಬ್ಬಿ ಮಾರಿದವನಿಗೂ ಗೊತ್ತಿಲ್ಲದಿರಬಹುದು. ನಡುವೆ ದೀಪ ಹೋಯಿತು, ಹೆಸರು ಉಳಿಯಿತು.

ದೀಪ ಹೋದ ಕಥೆ ನಮ್ಮ ರಾಜ್ಯದಲ್ಲಿ ಸ್ವಲ್ಪ ವಿಚಿತ್ರ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಹಣತೆಯೇ ಉರಿಯುತ್ತಿತ್ತು. ಅಷ್ಟರೊಳಗೆ ಹೊರದೇಶದ ಮಣ್ಣೆಣ್ಣೆ ಹಳ್ಳಿಯ ಅಂಗಡಿಗೂ ಬಂದು, ಸೀಮೆಯಿಂದ ಬಂದದ್ದಕ್ಕೆ ಸೀಮೆಎಣ್ಣೆ ಎಂದೇ ಹೆಸರಾಯಿತು. ಬುಡ್ಡಿದೀಪ, ಲಾಟೀನು ಬಂದವು. ಹರಳೆಣ್ಣೆ ದೇವರ ಮುಂದಕ್ಕೆ, ಬಾಣಂತಿ ಕೋಣೆಗೆ ಸರಿಯಿತು. ಸೀಮೆಎಣ್ಣೆಯ ಮಸಿ ವಾಸನೆಯದ್ದು, ಕಣ್ಣು ಉರಿಸುವಂಥದ್ದು. ಕಾಡಿಗೆಗೆ ಅದು ಆಗುವುದಿಲ್ಲ. ಆಮೇಲೆ ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬು ಬಡವರ ಮನೆಗಳಿಗೂ ಬಂತು. ಆಗ ಕಾಡಿಗೆಗೆಂದೇ ಬೇರೆಯಾಗಿ ದೀಪ ಹಚ್ಚಬೇಕಾಯಿತು. ದಿನಗಟ್ಟಲೆ ಬಟ್ಟೆ ಅದ್ದಿ ಒಣಗಿಸುವ ಬಿಡುವು ಕೂಲಿಗೆ ಹೋಗುವ ಹೆಣ್ಣಿಗೆ ಎಲ್ಲಿತ್ತು? ಅಂಗಡಿಯಲ್ಲಿ ಪುಟ್ಟ ತಗಡಿನ ಡಬ್ಬಿ ಕೆಲವೇ ರೂಪಾಯಿಗೆ ಸಿಗುತ್ತಿತ್ತು.

ಅಂಗಡಿಯದ್ದೆಲ್ಲ ವಿಷ ಎನ್ನುವುದೂ ತಪ್ಪು. ಬಣ್ಣಕ್ಕಾಗಿ ಸೀಸದ ಸಂಯುಕ್ತ ಹಾಕಿ ಸೌಂದರ್ಯ ಸಾಮಗ್ರಿ ಮಾಡುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲೂ ಅದು ಇದೆ. ಹಾಕುವ ಬಣ್ಣದಲ್ಲಿ ತಾನಾಗಿ ಉಳಿದ ಸೀಸ ಹತ್ತು ಲಕ್ಷಕ್ಕೆ 20 ಪಾಲು ಮೀರುವಂತಿಲ್ಲ. ಲೈಸೆನ್ಸ್ ಪಡೆದು ಮಾಡುವ ಕಾಜಲ್‌ಗಳ ಕಪ್ಪು ಸಾಮಾನ್ಯವಾಗಿ ಇಂಗಾಲ ಅಥವಾ ಕಬ್ಬಿಣದ ಆಕ್ಸೈಡ್. ಭಯ ಪಡಬೇಕಾದದ್ದು ಹೆಸರಿಲ್ಲದ ಡಬ್ಬಿಗೆ: ಜಾತ್ರೆ, ಉರುಸು, ಸಂತೆಯಲ್ಲಿ ಕಾಗದದಲ್ಲಿ ಕಟ್ಟಿ ಕೊಡುವ, ತಯಾರಕರ ವಿಳಾಸ, ಲೈಸೆನ್ಸ್ ನಂಬರು, ತಾರೀಖು ಯಾವುದೂ ಇಲ್ಲದ ಹೊಳೆಯುವ ಪುಡಿಗೆ. ಸುರ್ಮಾವನ್ನು ಶ್ರದ್ಧೆಯಿಂದ ಹಚ್ಚುವವರಿದ್ದಾರೆ, ಅದು ಅವರ ಆಚಾರ. ಅವರಿಗೂ ಹೇಳಬೇಕಾದದ್ದು ಇಷ್ಟೇ: ಏನಿದೆ ಎಂದು ಬರೆದಿರುವುದನ್ನು ಕೊಳ್ಳಿ, ಮಕ್ಕಳಿಗೆ ಹಚ್ಚಬೇಡಿ.

ಹಾಗಾದರೆ ಹರಳೆಣ್ಣೆ ಕಾಡಿಗೆಯನ್ನು ಕೂಸಿಗೆ ಹಚ್ಚಬಹುದಲ್ಲ? ಇಲ್ಲ. ಆಶಾ ಕಾರ್ಯಕರ್ತೆ ಬೇಡ ಎನ್ನುವುದಕ್ಕೆ ಸೀಸ ಒಂದೇ ಕಾರಣವಲ್ಲ. ಎರಡನೆಯದು ಬೆರಳು. ಹುಟ್ಟಿದ ಮಗುವಿನ ಕಣ್ಣೀರಿನ ಕೊಳವೆ ಎಷ್ಟೋ ಸಲ ಪೂರ್ತಿ ತೆರೆದಿರುವುದಿಲ್ಲ. ಮಸಿ ಮತ್ತು ಜಿಡ್ಡು ಅಲ್ಲಿ ಕೂತರೆ ಕಣ್ಣು ಪಿಸರುಗಟ್ಟುತ್ತದೆ. ಹಚ್ಚುವವರ ಉಗುರು ತಾಗುತ್ತದೆ. ಒಂದೇ ಡಬ್ಬಿ, ಒಂದೇ ಬೆರಳು, ಮನೆಯ ನಾಲ್ಕು ಮಕ್ಕಳ ಕಣ್ಣಿಗೆ. ಟ್ರಕೋಮಾ ಎಂಬ ಕಣ್ಣುರೋಗ ಉತ್ತರ ಭಾರತದ ಲಕ್ಷಾಂತರ ಜನರನ್ನು ಕಾಡಿದಾಗ, ಹಂಚಿಕೊಂಡು ಬಳಸುವ ಕಾಜಲ್, ಸುರ್ಮಾದ ಕಡ್ಡಿಯೂ ಸೋಂಕು ದಾಟಿಸುತ್ತದೆ ಎಂದು ವೈದ್ಯರು ಗುರುತಿಸಿದರು. ಅದರ ವಿರುದ್ಧ 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಕೂಸಿನ ಕಣ್ಣಿಗೆ ಹರಳೆಣ್ಣೆ ಬಿಡುವುದು, ಎದೆಹಾಲು ಹಿಂಡುವುದೂ ಇದೇ ಲೆಕ್ಕಕ್ಕೆ ಬರುತ್ತವೆ. ಪಚ್ಚಕರ್ಪೂರವಂತೂ ಕೂಸಿನ ಹತ್ತಿರವೂ ಬೇಡ, ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎನ್ನುವುದು ಕಪ್ಪು ಅಂಚಿನಿಂದ ಹಾಗೆ ಕಾಣುವುದು ಅಷ್ಟೇ.

ದೊಡ್ಡವರು ಹಚ್ಚಿಕೊಳ್ಳಲು ಮನೆಯಲ್ಲಿ ಮಾಡುತ್ತೇವೆ ಎನ್ನುವವರನ್ನು ತಡೆಯುವ ಮನಸ್ಸು ನನಗಿಲ್ಲ. ಹಳೆಯ ವಿಧಾನದಲ್ಲಿ ಒಂದೆರಡು ಬದಲಾವಣೆ ಸಾಕು. ಹಿತ್ತಾಳೆ ತಟ್ಟೆ ಬೇಡ. ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಬೆರೆತಿರುವುದುಂಟು, ಚಾಕುವಿನಿಂದ ಕೆರೆದರೆ ಲೋಹವೂ ಬರುತ್ತದೆ. ಸ್ಟೀಲ್ ತಟ್ಟೆ ಇಡಿ, ಚಮಚದ ಹಿಂಬದಿಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ. ಪೂಜೆಗೆಂದು ಮಾರುವ ದೀಪದ ಎಣ್ಣೆ ಬೇಡ, ಅದರಲ್ಲಿ ಬಣ್ಣ, ಸುವಾಸನೆ ಬೆರೆಸಿರುತ್ತಾರೆ. ಗಾಣದ ಹರಳೆಣ್ಣೆ ಅಥವಾ ತುಪ್ಪವೇ ಆಗಲಿ. ಕೋಣೆಯ ಬಾಗಿಲು ಮುಚ್ಚಿ ಹೊಗೆಯಲ್ಲಿ ಮಲಗಬೇಡಿ. ಒಂದು ವಾರಕ್ಕೆ ಆಗುವಷ್ಟೇ ಕಲಸಿ. ತುಪ್ಪ ಹಳಸುತ್ತದೆ, ಹಳಸಿದ್ದನ್ನು ಕಣ್ಣಿಗೆ ಒಯ್ಯಬಾರದು. ರೆಪ್ಪೆಯ ಹೊರ ಅಂಚಿಗೆ ತೀಡಿ, ಒಳಗೆ ನೀರು ನಿಲ್ಲುವ ಗೆರೆಗೆ ಬೇಡ. ಮಲಗುವ ಮೊದಲು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಬ್ಬರ ಡಬ್ಬಿ ಒಬ್ಬರಿಗೇ.

ಉಳಿದದ್ದು ದೃಷ್ಟಿಯ ಮಾತು. ಅತ್ತೆ ‘ಮಗೂಗೆ ಕಪ್ಪು ಇಡ್ಲೇಬೇಕು’ ಎಂದು ಹಟ ಹಿಡಿದಾಗ ಸೊಸೆ ರಕ್ತದ ಸೀಸದ ಲೆಕ್ಕ ಹೇಳಿ ಗೆಲ್ಲಲಾರಳು. ಆದರೆ ಅತ್ತೆಗೆ ಬೇಕಾದದ್ದು ಕಪ್ಪು ಬೊಟ್ಟು. ಅದು ಕಣ್ಣಿನೊಳಗೇ ಇರಬೇಕು ಎಂದೇನೂ ಇಲ್ಲ. ಅದಕ್ಕೆ ನಮ್ಮ ಕಡೆ ಮೊದಲಿಂದಲೂ ಸಾದು ಇದೆ. ಹಿಡಿ ಸಬ್ಬಕ್ಕಿಯನ್ನು ಹಳೆಯ ಬಾಣಲೆಯಲ್ಲಿ ಇದ್ದಿಲಿನಂತೆ ಕಪ್ಪಾಗುವವರೆಗೆ ಹುರಿಯುತ್ತಾರೆ. ಹೊಗೆ ಏಳುತ್ತದೆ, ಅಂಗಳದ ಒಲೆಯಲ್ಲಿ ಮಾಡುವುದು ಒಳ್ಳೆಯದು. ಆಮೇಲೆ ನೀರು ಹಾಕಿ ಕುದಿಸಿದರೆ ಅದು ಕರಗಿ ಅಂಟಂಟಾದ ಕಪ್ಪು ಪಾಕ ಆಗುತ್ತದೆ. ಶೋಧಿಸಿ, ನಯ ಮಾಡಿದ ತೆಂಗಿನ ಕರಟಕ್ಕೆ ಸುರಿದು ಬಿಸಿಲಲ್ಲಿ ಒಣಗಿಸಿದರೆ ಕನ್ನಡಿಯಂತೆ ಹೊಳೆಯುತ್ತಾ ಗಟ್ಟಿಯಾಗುತ್ತದೆ. ಬೇಕಾದಾಗ ಎರಡು ಹನಿ ನೀರು ಬಿಟ್ಟು ಬೆರಳಲ್ಲಿ ತಿಕ್ಕಿ, ಹಣೆಯ ಪಕ್ಕಕ್ಕೋ ಕಿವಿಯ ಹಿಂದಕ್ಕೋ ಒಂದು ಬೊಟ್ಟು. ಮರುದಿನ ಎರೆಯುವಾಗ ಬಿಸಿನೀರಿಗೆ ಅದು ತಾನೇ ತೊಳೆದು ಹೋಗುತ್ತದೆ, ಒಂದು ಕರಟ ತಿಂಗಳುಗಟ್ಟಲೆ ಬರುತ್ತದೆ.